ಪುಕ್ಕಟೆ ಸಲಹೆಯ ಮೇಜು

ಏನನ್ನಾದರೂ ಪುಕ್ಕಟೆ ಕೊಡುತ್ತೇನೆಂದು ಹೊರಟವನಿಗೆ ನಗೆಪಾಟಲೂ ಪುಕ್ಕಟೆಯಾಗಿಯೇ ಸಿಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆದೊಯ್ದು ಬಡವರಿಗೆ ಉಚಿತ ಸಲಹೆ ಕೊಡಿಸುವ ಕನಸು ನನಗೆ ಹಗಲಿನಲ್ಲೇ ಬೀಳುತ್ತಿತ್ತು. ನಮ್ಮ ಪ್ರಿನ್ಸಿಪಾಲರು ಕನಸು ಕಾಣುವವರಲ್ಲ. ಒಂದು ವರ್ಷ ನೋಡುತ್ತೇನೆ, ಜನ ಬರದಿದ್ದರೆ ಮುಚ್ಚಿಬಿಡಿ ಅಂದಿದ್ದರು. ಆದರೆ ಶನಿವಾರದ ಬಸ್ಸಿನ ಕಿಟಕಿಯಾಚೆ ಜೋಳದ ತೆನೆಗಳು ತೂಗತೊಡಗಿದರೆ ಸಾಕು, ಆ ಮಾತು ನನಗೆ ಮರೆತೇ ಹೋಗುತ್ತಿತ್ತು.

೧. ನೇಸರಗಿಯಲ್ಲಿ ಶಿಕ್ಷೆ

ಮೊದಲ ಶಿಬಿರ ನೇಸರಗಿಯಲ್ಲಿ. ಬೇವಿನ ಗಿಡದ ಕೆಳಗೆ ಎರಡು ಮೇಜು, ಬಿಳಿ ಅಂಗಿ ಕರಿ ಟೈ ತೊಟ್ಟ ಆರು ಮಂದಿ ವಿದ್ಯಾರ್ಥಿಗಳು. ಸಂತೆಗೆ ಬಂದ ಜನ ನಮ್ಮನ್ನು ಸುತ್ತಿ ಬಳಸಿ ಹೋದರೇ ಹೊರತು ಯಾರೂ ಹತ್ತಿರ ಸುಳಿಯಲಿಲ್ಲ. ನೆರಳು ಸರಿದಂತೆ ನಾವೂ ಮೇಜು ಸರಿಸುತ್ತ ಮೂರು ತಾಸು ಕಳೆದೆವು. ಕಡೆಗೊಬ್ಬ ಮುದುಕ ಬಂದು ಬೋರ್ಡು ಓದಿಸಿಕೊಂಡ. ಫೀಸು ಇಲ್ಲವೇ ಇಲ್ಲವೇ ಎಂದು ಎರಡು ಸಲ ಕೇಳಿದ. ಆಮೇಲೆ ನನ್ನನ್ನು ಬದಿಗೆ ಕರೆದು ಮರುಕದಿಂದ ಅಂದ:

"ಪಾಪ, ಇನ್ನಾ ಸಣ್ಣ ಹುಡುಗ್ರು. ಏನ್ ತಪ್ಪ ಮಾಡ್ಯಾರಂತ ಕೋರ್ಟಿನವ್ರು ಇವರನ್ನ ಬಿಸಲಾಗ ಕುಂದ್ರಿಸ್ಯಾರ್ರೀ?"

೨. ಕಿತ್ತೂರಿನ ಒಂದೇ ಬುತ್ತಿ

ಕಿತ್ತೂರಿನ ತಿಂಗಳ ಶಿಬಿರದಲ್ಲಿ ಅಣ್ಣನೊಬ್ಬ ಒಂದು ಮೇಜಿಗೆ ಬಂದು, ಹೊಲದ ದಾರಿ ಬಿಡದ ತಮ್ಮನ ಮೇಲೆ ನೋಟಿಸು ಬರೆಸಿದ. ಸ್ವಲ್ಪ ಹೊತ್ತಿಗೆ ತಮ್ಮ ಇನ್ನೊಂದು ಮೇಜಿಗೆ ಬಂದು ಅದಕ್ಕೆ ಉತ್ತರ ಬರೆಸಿದ. ಮಧ್ಯಾಹ್ನ ನೋಡಿದರೆ ಇಬ್ಬರೂ ಕೋಟೆಗೋಡೆಯ ನೆರಳಲ್ಲಿ ಒಂದೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಾರೆ. ನಮ್ಮ ಹುಡುಗರಿಗೆ ಹಿಡಿಸಲಾರದಷ್ಟು ಖುಷಿ. ಆಗಿಂದಾಗಲೇ ರಾಜಿಪತ್ರ ಬರೆದು ಓದಿ ಹೇಳಿದರು. ಅಣ್ಣತಮ್ಮಂದಿರ ಮುಖ ಬಾಡಿತು. ಇಬ್ಬರ ಹೆಂಡಂದಿರೂ ಒಬ್ಬರೊಡನೊಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದವಂತೆ; ಗಂಡಂದಿರು ಕೂಡಿ ಕೂರುವುದನ್ನೂ ಸಹಿಸುತ್ತಿರಲಿಲ್ಲವಂತೆ. ಅಣ್ಣ ಮೆಲ್ಲಗೆ ಕೇಳಿದ:

"ಜಗಳಾ ಮುಗದ್ರ, ತಿಂಗಳಿಗೊಮ್ಮೆ ಇಬ್ರೂ ಕೂಡಿ ಕಿತ್ತೂರಿಗೆ ಬರಾಕ ಮನ್ಯಾಗ ಏನಂತ ಹೇಳೂದ್ರೀ?"

೩. ತೊರಗಲ್ಲಿನ ಸರತಿ ಸಾಲು

ವರ್ಷ ಮುಗಿಯುತ್ತ ಬಂದರೂ ನಮ್ಮ ರಿಜಿಸ್ಟರು ತುಂಬಲಿಲ್ಲ. ಕೊನೆಯ ಶಿಬಿರ ತೊರಗಲ್ಲಿನಲ್ಲಿ, ಅದಕ್ಕೆ ತಾವೇ ಬರುತ್ತೇನೆಂದರು ಪ್ರಿನ್ಸಿಪಾಲರು. ನನಗೆ ನಿಜಕ್ಕೂ ದುಃಖವಾಯಿತು. ಆ ಊರಿಗೆ ಹೋದಾಗಲೆಲ್ಲ ಬಳೆಗಾರ ಸಾಹೇಬರ ಅಂಗಳದಲ್ಲಿ ನಮ್ಮ ಚಹಾ. ನಮ್ಮ ವಿದ್ಯಾರ್ಥಿನಿಯೊಬ್ಬಳು ಆ ಸಾಹೇಬರ ಹೆಂಡತಿಯ ಮುಂದೆ, ಇನ್ನು ನಾವು ಬರುವುದಿಲ್ಲವೆಂದು ಕಣ್ಣೀರು ಹಾಕಿದಳು.

ಶಿಬಿರದ ದಿನ ಹೋಗಿ ನೋಡಿದರೆ ಸರತಿ ಸಾಲು ಕೋಟೆಯ ಬಾಗಿಲಿನ ತನಕ ಹಬ್ಬಿದೆ! ಕನಸೋ ನನಸೋ ತಿಳಿಯದೆ ನಾನು ಕಣ್ಣುಜ್ಜಿಕೊಂಡೆ. ಒಬ್ಬ, ಪಕ್ಕದ ಮನೆಯ ಕೋಳಿ ತನ್ನನ್ನು ದಿಟ್ಟಿಸಿ ನೋಡುತ್ತದೆಂದು ದೂರು ಕೊಟ್ಟ. ಬಳೆಗಾರರ ಹೆಂಡತಿ ಗಂಡನ ಮೇಲೆ ದೂರು ತಂದಿದ್ದಳು. ಅವಳ ಚೀಲ ಹಿಡಿದು ಹಿಂದೆ ನಿಂತಿದ್ದ ಸಾಹೇಬರೇ ನೆನಪು ಮಾಡಿಕೊಟ್ಟರು:

"ಮನಿಯಿಂದ ಹೊರಗ ಹಾಕೀನಂತನೂ ಹೇಳ, ಮರತಿ."

ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ. ಪ್ರಿನ್ಸಿಪಾಲರು ಮಾತ್ರ ಕನ್ನಡಕ ಏರಿಸಿಕೊಂಡು, ಗಂಡಹೆಂಡಿರು ಹೊಂದಿಕೊಂಡು ಹೋಗಬೇಕೆಂದು ಬುದ್ಧಿ ಹೇಳಿದರು. ಇಬ್ಬರೂ ತಲೆಯಾಡಿಸಿ, ಒಟ್ಟಿಗೇ ಮನೆಗೆ ಹೋದರು.

ಸಂಜೆಯ ಹೊತ್ತಿಗೆ ಕೋಟೆಯ ಕಲ್ಲುಗಳೆಲ್ಲ ಕೆಂಪಾಗಿ ಊರೇ ತೂಕಡಿಸಿದಂತಿತ್ತು. ಜನರೆಲ್ಲ ಚದುರಿದ ಮೇಲೆ ಪ್ರಿನ್ಸಿಪಾಲರು ಆಚೀಚೆ ನೋಡಿದರು. ಮೆಲ್ಲಗೆ ಕುರ್ಚಿ ಎಳೆದುಕೊಂಡು ಆ ವಿದ್ಯಾರ್ಥಿನಿಯ ಮೇಜಿನ ಮುಂದೆ ಕುಳಿತು ದನಿ ತಗ್ಗಿಸಿದರು:

"ನಮ್ಮ ಹಿತ್ತಲ ಗ್ವಾಡೀದು ನಮ್ಮಣ್ಣನ ಕೂಡ ಒಂದ ತಕರಾರ ಐತಿ, ಬರಕೋ ತಂಗಿ. ಪುಕ್ಕಟ ಹೌದಲ್ಲ?"

ಶಿಬಿರ ಮುಚ್ಚಲಿಲ್ಲ. ಆ ದಿನ ರಿಜಿಸ್ಟರು ತುಂಬಿದ ತಕರಾರುಗಳಲ್ಲಿ ಖರೇ ಇದ್ದದ್ದು ಅದೊಂದೇ.