ಮೇಷ್ಟ್ರ ಚೆಸ್ಸು, ನಮ್ಮ ಷೇರು

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ, ಮಹಡಿಯ ಮೇಲೆ, ಷೇರು ಕೊಡಿಸುವ ಮಾರಿಸುವ ಸಣ್ಣ ಆಫೀಸು ನನ್ನದು. ದುಡ್ಡಿನ ವಿಷಯಕ್ಕೆ ಜನ ಎಷ್ಟು ಗಂಭೀರವಾಗ್ತಾರೋ ಅಷ್ಟು ನಗು ಬರಿಸ್ತಾರೆ. ಅದರಲ್ಲೂ ಹರಿಹರಪುರದಿಂದ ಬಸ್ಸಿಗೆ ಬರುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ಇದ್ದರಂತೂ ಕೇಳುವುದೇ ಬೇಡ. ಚೀಲದಲ್ಲಿ ಚೆಸ್ ಬೋರ್ಡು, ಬಾಯಲ್ಲಿ ಷೇರಿನ ಪಾಠ.

ಸುಮ್ಮನೆ ಕೂರುವುದು

ನರಸಿಂಹರಾಜಪುರದ ಹಾರ್ಡ್‌ವೇರ್ ಅಂಗಡಿ ಸಾಹುಕಾರರೊಬ್ಬರು ಬೆಳಿಗ್ಗೆ ಕೊಂಡ ಷೇರನ್ನು ಊಟದೊಳಗೆ ಮಾರುವವರು. ಮೇಷ್ಟ್ರು ತಡೆದರು.

"ಸಾಹುಕಾರ್ರೆ, ಚೆಸ್‌ನಲ್ಲಿ ಸರದಿ ಬಂದರೆ ಕಾಯಿ ನಡೆಸಲೇಬೇಕು. ಎಷ್ಟೋ ಸಲ ಅದರಿಂದಲೇ ಸೋಲೋದು. ಇಲ್ಲಿ ಆ ಬಲವಂತ ಇಲ್ಲವಲ್ಲ, ಸುಮ್ಮನೆ ಕೂತ್ಕೊಳ್ಳಿ."

ಸಾಹುಕಾರರು ನಿಜಕ್ಕೂ ಕೂತುಬಿಟ್ಟರು. ನಾನು ಮೇಷ್ಟ್ರನ್ನು ಮೆಟ್ಟಿಲ ಬಳಿ ಕರೆದು, "ಎಲ್ಲರೂ ಹೀಗೆ ಕೂತರೆ ನನ್ನ ಕಮಿಷನ್ ಕಥೆ ಎಂತ?" ಎಂದೆ.

"ನೀನೂ ಕೂತ್ಕೋ ಮಾರಾಯ."

ಪುಕ್ಕಟೆ ಆನೆ

ಇನ್ನೊಮ್ಮೆ ಸಾಹುಕಾರರು ಮೊಬೈಲ್ ಗ್ರೂಪಿನಲ್ಲಿ ಬಂದ ಷೇರಿನ ಹೆಸರು ತೋರಿಸಿದರು. "ಎರಡು ಪಟ್ಟು ಆಗ್ತದಂತೆ."

"ಚೆಸ್‌ನಲ್ಲಿ ಎದುರಿನವನು ಪುಕ್ಕಟೆ ಆನೆ ಕೊಟ್ಟರೆ, ಯಾಕೆ ಕೊಟ್ಟ ಅಂತ ಮೊದಲು ಯೋಚಿಸಬೇಕು. ಈ ಹೆಸರು ಕಳಿಸಿದವನು ಯಾರು? ಗುರುತು ಪರಿಚಯ ಉಂಟಾ?"

"ಇಲ್ಲ. ಆದರೆ ಒಳ್ಳೆಯವನು ಮೇಷ್ಟ್ರೇ. ನನ್ನನ್ನು 'ಸರ್' ಅಂತಾನೆ. ನಮ್ಮನೆಯಲ್ಲಿ ಯಾರೂ ಅಷ್ಟು ಮರ್ಯಾದೆ ಕೊಡೋದಿಲ್ಲ!"

ನಕಲು

ಅಷ್ಟರಲ್ಲಿ ಮೇಷ್ಟ್ರ ಹೆಂಡತಿಗೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ಒಲೆ ಆರಿಸುವುದು ಮರೆತರು, ಆಮೇಲೆ ಮನೆಯ ದಾರಿ. ನೋಡಿಕೊಳ್ಳಲು ಜನ ಇಡಬೇಕಾಯಿತು. ಮಾರುಕಟ್ಟೆ ಬಿದ್ದಿದ್ದ ದಿನವೇ ಮೇಷ್ಟ್ರು ಬಂದು, "ಎಲ್ಲ ಮಾರಿಬಿಡು" ಎಂದರು.

"ಬಿದ್ದಾಗ ಮಾರಬಾರದು ಅಂತ ನೀವೇ ಹೇಳೋದಲ್ವಾ?"

"ಅದು ಕಾಯೋಕೆ ಸಮಯ ಇದ್ದವರಿಗೆ. ಚೆಸ್‌ನಲ್ಲೂ ಎಷ್ಟು ಒಳ್ಳೆ ಆಟ ಇದ್ದರೂ ಗಡಿಯಾರ ಮುಗಿದರೆ ಸೋತ ಹಾಗೇ. ಅವಳಿಗೆ ನನ್ನ ಗುರುತು ಸಿಗುವಷ್ಟು ದಿನ ಚೆನ್ನಾಗಿ ನೋಡ್ಕೋಬೇಕು."

ನಾನು ಕಾಗದ ಮುಂದಿಟ್ಟೆ, ಅವರು ಸಹಿ ಹಾಕಿದರು.

ಮೇಷ್ಟ್ರು ಬಂದ ಬೆನ್ನಿಗೇ ಬಾಗಿಲಲ್ಲಿ ಕಾಲಿಟ್ಟಿದ್ದ ಸಾಹುಕಾರರ ಕಿವಿಗೆ ಬಿದ್ದದ್ದು "ಎಲ್ಲ ಮಾರಿಬಿಡು" ಎಂಬುದಷ್ಟೇ. ಹಾಗೇ ಹಿಂದೆ ತಿರುಗಿ, ಮೊಬೈಲಿನಲ್ಲೇ ತಮ್ಮದನ್ನೂ ಮಾರಿಬಿಟ್ಟರು. ಮಾರನೇ ದಿನ ಮಾರುಕಟ್ಟೆ ಏರಿತು. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವರಿಗೆ ನಾನು ಕಾರಣ ಹೇಳಿದೆ. ಸಿಟ್ಟೆಲ್ಲ ಇಳಿದು ಬೆಂಚಿನ ಮೇಲೆ ಕೂತುಬಿಟ್ಟರು.

"ಛೆ, ಪಾಪ ಆ ತಾಯಿ. ಇನ್ನು ಮೇಲೆ ಮೇಷ್ಟ್ರನ್ನು ನಕಲು ಮಾಡುವ ಮೊದಲು, ಮನೆಯಲ್ಲಿ ಎಲ್ಲರೂ ಹುಷಾರಾ ಅಂತ ಕೇಳ್ತೇನೆ."

ಒಳ್ಳೆಯ ಆಟಗಾರ

ಮೇಷ್ಟ್ರು ಆಫೀಸಿಗೆ ಬರುವುದು ನಿಂತಿತು. ಮೊನ್ನೆ ನಾನೇ ಹರಿಹರಪುರಕ್ಕೆ ಹೋದೆ. ಗಂಡ ಹೆಂಡತಿ ಎದುರುಬದುರು ಕೂತು ಚೆಸ್ ಆಡುತ್ತಿದ್ದರು. ಅಮ್ಮನ ಕುದುರೆ ಮನಸ್ಸು ಬಂದ ಕಡೆ ಹೋಗುತ್ತಿತ್ತು. ಮೇಷ್ಟ್ರು ಚಕಾರ ಎತ್ತದೆ ಸೋಲುತ್ತಿದ್ದರು.

ಅಮ್ಮ ನನ್ನ ಕಡೆ ಬಗ್ಗಿ, "ಇವರು ಯಾರೋ ದಿನಾ ಬಂದು ಕೂರ್ತಾರೆ. ಪಾಪ, ಒಳ್ಳೆಯವರು. ಮನೆಯಲ್ಲಿ ಹೆಂಡತಿ ಕಾಯ್ತಿರೋದಿಲ್ವಾ?" ಎಂದರು.

ಮೇಷ್ಟ್ರೇ ಮೆಲ್ಲಗೆ, "ಅವಳಿಗೂ ಚೆಸ್ ಹುಚ್ಚು, ನಾನು ಬಂದದ್ದು ಗೊತ್ತಾಗಿರಲಿಕ್ಕಿಲ್ಲ" ಎಂದರು.

"ಹಾಗಾದರೆ ಸರಿ. ಆದರೆ ನಿಮಗೆ ಆಟ ಏನೂ ಬರೋದಿಲ್ಲ. ನಮ್ಮನೆಯವರು ಬರಲಿ, ಆಡಿ ನೋಡಿ. ಅವರಂಥ ಆಟಗಾರ ಈ ಸೀಮೆಯಲ್ಲೇ ಇಲ್ಲ!"

ಮೇಷ್ಟ್ರು ನಕ್ಕರು. ನಗುತ್ತಲೇ ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

"ಕೇಳಿದೆಯಾ ಮಾರಾಯ? ಮದುವೆಯಾದಾಗಿನಿಂದ ಇವಳು ನನ್ನ ಆಟ ಹೊಗಳಿದ್ದು ಇದೇ ಮೊದಲು. ಅದೂ ಯಾರೋ ಪರಪುರುಷನ ಹತ್ತಿರ!"