ಭಾವನವರ ಕೋವಿಗೆ ಹುಣಸೆಹಣ್ಣು

ನಮ್ಮ ಭಾವನವರ ಕೋವಿಯಿಂದ ಇಷ್ಟು ವರ್ಷಗಳಲ್ಲಿ ಸತ್ತಿರುವುದು ನನ್ನ ಹಲ್ಲುಜ್ಜುವ ಬ್ರಷ್ಷುಗಳು ಮಾತ್ರ! ಒಂದು ಹಂದಿಯಿಲ್ಲ, ಒಂದು ಮೊಲವಿಲ್ಲ. ಶಿಕಾರಿಪುರದಿಂದ ಅಕ್ಕನ ಮನೆಗೆ ಹೋದಾಗಲೆಲ್ಲ, ಬಚ್ಚಲಿನ ಗೂಡಿನಲ್ಲಿಟ್ಟ ನನ್ನ ಬ್ರಷ್ಷು ಮರುದಿನ ಸೀಮೆಎಣ್ಣೆ ವಾಸನೆ ಹೊಡೆಯುತ್ತ, ಕರಿ ಮೀಸೆ ಹೊತ್ತು ಜಗಲಿಯ ಮೇಲೆ ಬಿದ್ದಿರುತ್ತಿತ್ತು. ಕೇಳಿದರೆ, "ನಿನ್ನ ಬ್ರಷ್ಷಿನ ಕೂದಲು ಹದವಾಗಿರ್ತದೆ ಸಿಸ್ಟರಮ್ಮ, ಇಲ್ಲಿ ಅಂಗಡೀಲಿ ಇಂಥದು ಸಿಗಲ್ಲ" ಎಂಬ ಹೊಗಳಿಕೆ ಬೇರೆ! ಈಗ ನಾನು ಎರಡು ಬ್ರಷ್ಷು ಒಯ್ಯುತ್ತೇನೆ. ಒಂದು ನನಗೆ, ಒಂದು ಕೋವಿಗೆ.

ಸಿಸ್ಟರಮ್ಮ ಎಂದರೆ ನಾನೇ. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಐದಕ್ಕೆ ಏಳುವುದು, ಹಾಸಿಗೆಯ ನಾಲ್ಕೂ ಮೂಲೆ ಮಡಚುವುದು, ಕತ್ತರಿಯನ್ನು ಕತ್ತರಿಯ ಜಾಗದಲ್ಲೇ ಇಡುವುದು. ಇವಿಲ್ಲದೆ ನನಗೆ ದಿನ ಶುರುವಾಗುವುದಿಲ್ಲ. ಭಾವನವರೂ ಅದೇ ಜಾತಿ. ಸೈನ್ಯದಲ್ಲಿ ಆಯುಧ ರಿಪೇರಿ ವಿಭಾಗದಲ್ಲಿದ್ದರು. ಯುದ್ಧಕ್ಕೆ ಹೋದವರಲ್ಲ, ಹೋಗಿ ಬಂದ ಬಂದೂಕುಗಳಿಗೆ ಸ್ನಾನ ಮಾಡಿಸಿದವರು. ಪಿಂಚಣಿ ಬಂದ ಮೇಲೆ ಊರಿಗೆ ಮರಳಿದರು. ಚಂದ್ರಗುತ್ತಿಯ ಆಚೆ, ಕಾಡಿಗೆ ಅಂಟಿಕೊಂಡಂತೆ, ಅವರದು ನಾಲ್ಕು ಎಕರೆ ಮೆಕ್ಕೆಜೋಳದ ಹೊಲ. ಬೆಳೆ ಕಾಯಲು ತಂದೆಯ ಕಾಲದ ಒಂಟಿ ನಳಿಗೆಯ ಕೋವಿ, ಅದಕ್ಕೊಂದು ಲೈಸೆನ್ಸು.

ಆ ಕೋವಿಯ ಮೂತಿಗೆ ತಿರುಪಿನಿಂದ ಕೂರಿಸಿದ ಒಂದು ಉಕ್ಕಿನ ತುಂಡಿದೆ. ಗೇಣಿಗಿಂತ ಗಿಡ್ಡ, ಮೈತುಂಬ ಸೀಳು. ಗುಂಡು ಹಾರಿದಾಗ ಹೊಗೆ ಆ ಸೀಳುಗಳಲ್ಲಿ ನುಗ್ಗಿ ಹೋಗುವುದರಿಂದ ಕೋವಿ ಮೇಲಕ್ಕೆ ಎಗರುವುದಿಲ್ಲ, ಹೆಗಲಿಗೆ ಒದೆಯೂ ಕಡಿಮೆ. ಭಾವ ಅದನ್ನು ಕಾಂಪೆನ್ಸೇಟರ್ ಎನ್ನುತ್ತಾರೆ. ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗೆ ಕಾಣುವುದರಿಂದ ಅಕ್ಕನಿಗೆ ಅದು ಕುಕ್ಕೆ. ಒಳಗೆ ಹೆಪ್ಪುಗಟ್ಟುವ ಕಪ್ಪನ್ನು ಭಾವ ಕಾರ್ಬನ್ ಎನ್ನುತ್ತಾರೆ, ಅಕ್ಕ ಮಸಿ ಎನ್ನುತ್ತಾಳೆ. ಹೆಸರು ಏನೇ ಇರಲಿ, ಅವರಿಬ್ಬರ ನಲವತ್ತೆರಡು ವರ್ಷದ ಸಂಸಾರದಲ್ಲಿ ಅದು ಮೂರನೆಯ ಆಳು!

ಮಂಗಗಳು ಹೊಲಕ್ಕೆ ಇಳಿದರೆ ಭಾವ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಒಂದೇ ಒಂದು. ಹೊಗೆ ಕರಗುವ ಮೊದಲೇ ಜಗಲಿಯ ಮೇಲೆ ಗೋಣಿತಾಟು ಹಾಸಿ ಕೋವಿ ಬಿಚ್ಚಲು ಕೂರುತ್ತಾರೆ. ಕುಕ್ಕೆ ಸೀಮೆಎಣ್ಣೆಯಲ್ಲಿ ಒಂದಿಡೀ ದಿನ ನೆನೆಯಬೇಕು. ಮರುದಿನ ಬ್ರಷ್ಷು, ಅದರ ಮರುದಿನ ಬಿದಿರಿನ ಕಡ್ಡಿಗೆ ಸುತ್ತಿದ ಬಟ್ಟೆ, ಆಮೇಲೆ ಎಣ್ಣೆ. ಮಂಗಗಳಿಗೆ ಈ ವೇಳಾಪಟ್ಟಿ ಬಾಯಿಪಾಠ! ಒಂದು ಢಂ ಎಂದರೆ ಅವಕ್ಕೆ ಮೂರು ದಿನ ಊಟದ ಆಮಂತ್ರಣ. ಒಮ್ಮೆ ಪಕ್ಕದ ಹೊಲದವರು ಬೇಲಿಯಾಚೆಯಿಂದ ಕೂಗಿದರು:

"ಯಜಮಾನ್ರೇ, ಮತ್ತೆ ಬಂದಾವೆ! ಇನ್ನೊಂದು ಹೊಡೀರಿ!"

"ಬಿಚ್ಚಿಟ್ಟೀನಿ ಮಾರಾಯಾ. ಶನಿವಾರ ಬರಾಕೆ ಹೇಳು!"

ನಗಬೇಡಿ. ನಾನೂ ನಕ್ಕವಳೇ, ಆದರೆ ಪೂರ್ತಿ ನಗಲಾರೆ. ವಾರ್ಡಿನಲ್ಲಿ ಕೊನೆಯ ರೋಗಿಯ ಡ್ರೆಸ್ಸಿಂಗ್ ಮುಗಿದ ಮೇಲೆ, ಮುಂದೆ ಯಾರೂ ಕಾಯುತ್ತಿಲ್ಲವೆಂದು ಗೊತ್ತಿದ್ದರೂ ಇಕ್ಕಳ ಕುದಿಸಿಡುತ್ತಿದ್ದೆವು. ಬಳಸಿದ್ದನ್ನು ಬಳಸುವ ಮೊದಲಿದ್ದಂತೆ ಮಾಡಿಡದೆ ಮನೆಗೆ ಹೋಗಬಾರದು. ಯಾರು ಕಲಿಸಿದರೋ ನೆನಪಿಲ್ಲ, ಕೈಗೆ ಮಾತ್ರ ನೆನಪಿದೆ.

ಆದರೆ ಈ ಶಿಸ್ತಿನ ಪಕ್ಕದಲ್ಲಿ ಬಾಳುವವರ ಗತಿ? ಅಕ್ಕ ತೊಳೆದಿಟ್ಟ ಪ್ರತಿಯೊಂದು ಲೋಟವನ್ನೂ ಭಾವ ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದು, ನಳಿಗೆ ನೋಡಿದಂತೆ ನೋಡುತ್ತಾರೆ. "ತಳದಾಗೆ ಕಲೆ ಐತಿ." ಮದುವೆಯಾದ ವಾರದಿಂದ ಅಕ್ಕ ಇದನ್ನು ಕೇಳಿಕೊಂಡು ಬಂದಿದ್ದಾಳೆ. "ಇವ್ರ ಬಾಯಲ್ಲಿ ಚೆನ್ನಾಗೈತಿ ಅನ್ನಿಸ್ಕಂಡು ಸಾಯ್ಬೇಕು ಕಣೇ" ಎಂದು ನನ್ನೊಡನೆ ಅದೆಷ್ಟು ಸಲ ಹೇಳಿದ್ದಾಳೋ. ತಮಾಷೆಗೆ ಹೇಳುತ್ತಾಳೆಂದೇ ನಾನು ಬಹಳ ಕಾಲ ತಿಳಿದಿದ್ದೆ.

ಊರ ಹೊರಗೆ ಭಾವನವರಿಗೆ ದೊಡ್ಡ ಗೌರವವಿತ್ತು. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಬೇರೆಯವರು ಒಪ್ಪಿಸಿ ರಸೀದಿ ತೆಗೆದುಕೊಂಡು ಬರುತ್ತಾರೆ. ಇವರು ಪ್ರತಿ ಭಾನುವಾರ ಎಣ್ಣೆಯ ಸೀಸೆ ಹಿಡಿದು ಠಾಣೆಗೆ ಹಾಜರು, ಆಸ್ಪತ್ರೆಗೆ ಸೇರಿಸಿದ ಮಗುವನ್ನು ನೋಡಲು ಹೋದಂತೆ! ಮೊದಲ ವಾರ ಪೊಲೀಸರು ನಕ್ಕರು. ಎರಡನೆಯ ವಾರ ಕುರ್ಚಿ ಕೊಟ್ಟರು. ಮೂರನೆಯ ವಾರ ಭಾವ ಅಲ್ಲಿದ್ದ ಪೇದೆಗಳಿಗೆಲ್ಲ ಪಾಠ ಮಾಡುತ್ತಿದ್ದರು. "ಉಕ್ಕಿಗೆ ಹುಳಿ ತಾಗಿಸ್ಬಾರ್ದು, ಬೂದಿ ಹಾಕಿ ತಿಕ್ಬಾರ್ದು. ಕಾರ್ಬನ್ ಹೋಗ್ಬೇಕು, ತುಕ್ಕು ತಡೆಯೋ ಮೇಲಿನ ಕಪ್ಪುನೀಲಿ ಲೇಪ ಉಳೀಬೇಕು." ಠಾಣೆಯ ಬರಹಗಾರರು ಅಂದಿನಿಂದ ಇವರನ್ನು ಮೇಷ್ಟ್ರೇ ಎಂದು ಕರೆಯತೊಡಗಿದರು. ಆ ಒಂದು ಮಾತಿನ ಮೇಲೆ ಭಾವ ಎರಡು ಅಂಗುಲ ಎತ್ತರವಾದರೆಂದು ಅಕ್ಕನ ಅಂದಾಜು.

ಈ ಸಲ ಲೈಸೆನ್ಸು ನವೀಕರಣದ ವರ್ಷ. ಕೋವಿಯನ್ನು ಠಾಣೆಗೆ ಒಯ್ದು ತೋರಿಸಬೇಕು, ಅವರು ವರದಿ ಬರೆಯಬೇಕು. ಅಷ್ಟರಲ್ಲಿ ಭಾವನವರ ಬೆರಳ ಗಂಟುಗಳು ಊದಿಕೊಂಡವು. ಕುಕ್ಕೆಯ ಸೀಳುಗಳಲ್ಲಿ ಕಾರ್ಬನ್ನು ಕಲ್ಲಾಗಿ ಕೂತಿತ್ತು. ಮೂರು ವಾರ ನೆನೆಸಿದರು, ಮೂರು ವಾರ ಉಜ್ಜಿದರು. ಬ್ರಷ್ಷು ಕೈಯಿಂದ ಜಾರುತ್ತಿತ್ತು. "ನಾನು ತಿಕ್ಕಿ ಕೊಡ್ಲಾ?" ಎಂದು ಅಕ್ಕ ಕೇಳಿದರೆ, "ಬ್ಯಾಡ, ಇದು ಪಾತ್ರೆಯಲ್ಲ" ಎಂಬ ಉತ್ತರ.

ಹಬ್ಬಕ್ಕೆಂದು ಬಂದಿದ್ದ ನನ್ನ ಹತ್ತಿರ ಮಾತ್ರ ಒಮ್ಮೆ ಮನಸ್ಸು ಬಿಚ್ಚಿದರು. "ಮಸಿ ಹಿಡಿದ ಕೋವಿ ತಗಂಡು ಹೋದ್ರೆ, ಮುದುಕನ ಕೈಲಿ ಆಗಲ್ಲ ಅಂತ ಬರೀತಾರೆ ಸಿಸ್ಟರಮ್ಮ. ಕೋವಿ ಹೋದ್ರೆ ಹೋಗ್ಲಿ. ಮೇಷ್ಟ್ರೇ ಅಂದವ್ರ ಮುಂದೆ ಹೆಂಗೆ ನಿಂತ್ಕಳ್ಲಿ?"

ಆಯುಧಪೂಜೆಯ ಹಿಂದಿನ ದಿನ ಭಾವ ಪೇಟೆಗೆ ಹೋಗಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಅಕ್ಕ ಪೂಜೆಗೆಂದು ಹಿತ್ತಾಳೆಯ ದೀಪ, ತಂಬಿಗೆ, ಗಂಟೆಗಳನ್ನೆಲ್ಲ ತೊಳೆಯಲು ಹಾಕಿಕೊಂಡಿದ್ದಳು. ನಾನು ಒಳಗೆ ಬರುವಷ್ಟರಲ್ಲಿ ಹಲಗೆಯ ಮೇಲೆ ಎಲ್ಲವೂ ಹೊಳೆಯುತ್ತಿದ್ದವು. ಅವುಗಳ ನಡುವೆ, ಬೆಳ್ಳಿಯ ಕುಂಕುಮದ ಭರಣಿಯಂತೆ ಥಳಥಳಿಸುತ್ತ ಕೂತಿತ್ತು ಭಾವನವರ ಕಾಂಪೆನ್ಸೇಟರ್!

"ನೋಡೇ" ಎಂದಳು ಅಕ್ಕ. ಮೊಣಕೈವರೆಗೆ ಹುಣಸೆರಸ, ಮುಖದ ತುಂಬ ಬೆಳಕು. "ಹುಣಸೆಹಣ್ಣು, ಉಪ್ಪು, ಬೂದಿ. ಬೆಳಿಗ್ಗೆಯೇ ನೆನೆಸಿಟ್ಟಿದ್ದೆ. ತೆಂಗಿನ ನಾರು ತಗಂಡು ಒಂದು ತಾಸು ತಿಕ್ಕಿದೆ, ಎಲ್ಲಾ ಬಿಟ್ಕಂತು. ಪಾಪ, ಮೂರು ವಾರದಿಂದ ಗುದ್ದಾಡ್ತಾ ಇದ್ರು."

ಸಂಜೆ ಭಾವ ಬಂದರು. ಅಕ್ಕ ಅದನ್ನು ವೀಳ್ಯದೆಲೆಯ ಮೇಲಿಟ್ಟು ಅವರ ಮುಂದೆ ಹಿಡಿದಳು. ಅವರು ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಮನಸ್ಸಿನಲ್ಲೇ ಬಿರುಗಾಳಿಗೆ ಕಿಟಕಿ ಮುಚ್ಚಿಕೊಂಡೆ.

"ಚೆನ್ನಾಗೈತಿ" ಎಂದರು ಭಾವ.

ಅಕ್ಕ ನನ್ನ ಕಡೆ ತಿರುಗಿದಳು. ಆ ಮುಖವನ್ನು ಬರೆಯಲು ನನಗೆ ಬರುವುದಿಲ್ಲ. ಅಂದು ರಾತ್ರಿಯ ಊಟಕ್ಕೆ ಪಾಯಸ ಮಾಡಿದಳು. ಮರುದಿನ ಪೂಜೆಗೆ ಬಂದವರಿಗೆಲ್ಲ ಕುಕ್ಕೆಯ ದರ್ಶನ ಮಾಡಿಸಿದಳು.

ನನಗೆ ವಿಷಯ ತಿಳಿದದ್ದು ಪೂಜೆಯ ಮಧ್ಯಾಹ್ನ, ಭಾವ ಒಬ್ಬರೇ ಕೂತು ಅದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ. "ನೀಲಿ ಹೋತು ಸಿಸ್ಟರಮ್ಮ. ಕಾರ್ಬನ್ ಜೊತೆಗೆ ಚರ್ಮಾನೂ ಸುಲಿದು ಹೋತು. ಇನ್ನು ತುಕ್ಕು ತಡೆಯಾಕೆ ಏನೂ ಇಲ್ಲ."

"ಅಕ್ಕನಿಗೆ ಹೇಳಿಬಿಡಿ ಭಾವ. ಇನ್ನೊಮ್ಮೆ ಹೀಗೆ ಮಾಡದಿರಲಿ."

"ಬ್ಯಾಡ" ಎಂದರು. "ನೀನೂ ಹೇಳಬ್ಯಾಡ. ಎಷ್ಟು ಖುಷಿಯಾಗ್ಯಾಳೆ ನೋಡು."

ನನ್ನ ಸ್ವಭಾವಕ್ಕೆ ಇದು ಕಠಿಣ ಆಜ್ಞೆ. ತಪ್ಪು ಕಂಡ ಕೂಡಲೇ ಹೇಳಿ ತಿದ್ದುವುದು ನನ್ನ ಇಡೀ ನೌಕರಿಯ ಪದ್ಧತಿ. ಆದರೆ ಗಾಯ ತೊಳೆಯುವವರಿಗೆ ಇನ್ನೊಂದು ಪಾಠವೂ ಗೊತ್ತಿರಬೇಕು. ಒಂದು ಹಂತದ ಮೇಲೆ ಉಜ್ಜಿದರೆ ಕೊಳೆಯಲ್ಲ, ಆಗತಾನೆ ಕೂಡಿಕೊಳ್ಳುತ್ತಿರುವ ಎಳೆ ಚರ್ಮ ಕಿತ್ತು ಬರುತ್ತದೆ. ಎಲ್ಲಿ ಕೈ ನಿಲ್ಲಿಸಬೇಕೆಂಬುದನ್ನು ಯಾವ ಪುಸ್ತಕವೂ ನನಗೆ ಸರಿಯಾಗಿ ಹೇಳಲಿಲ್ಲ.

ಮುಂದಿನ ವಾರ ಊರಿನ ಆಟೋದಲ್ಲಿ ಭಾವನೂ ನಾನೂ ಠಾಣೆಗೆ ಹೋದೆವು. ಕಾಗದಪತ್ರ ಜೋಡಿಸಿಕೊಂಡು ಹೋಗುವ ಕೆಲಸ ನನ್ನದು. ಭಾವ ಖಾಕಿ ಚೀಲದಿಂದ ಕೋವಿ ತೆಗೆದರು. ಠಾಣೆಯ ಸಾಹೇಬರು ಹಳೆಯ ವರದಿ ನೋಡಿದರು, ಕೋವಿ ನೋಡಿದರು, ಮತ್ತೆ ವರದಿ ನೋಡಿದರು.

"ಇದರಲ್ಲಿ ಮೂತಿಯ ತುಂಡು ಕಪ್ಪು ಬಣ್ಣದ್ದು ಅಂತ ಬರೆದಿದೆ. ಇದು ಹೊಸದಾಗಿ ಹೊಳೀತಿದೆ. ಬೇರೆ ಹಾಕಿಸಿದ್ದೀರೇನ್ರೀ? ಕೇಳದೆ ಕೋವಿ ಬದಲಾಯಿಸಿದ್ರೆ ಲೈಸೆನ್ಸು ಉಳಿಯಲ್ಲ, ಗೊತ್ತಲ್ಲ?"

"ಬದಲಾಯಿಸಿಲ್ಲ ಸಾರ್. ಹಳೇದೇ. ಹುಣಸೆಹಣ್ಣು ಹಾಕಿ ತಿಕ್ಕಿದ್ದಕ್ಕೆ ಬಣ್ಣ ಹೋಗೈತಿ."

"ಯಾರು ತಿಕ್ಕಿದ್ದು?"

ಒಂದು ಹೆಸರು ಹೇಳಿದರೆ ಸಾಕಿತ್ತು. ಹೆಂಗಸರು ಪಾತ್ರೆಯ ಜೊತೆ ತೊಳೆದುಬಿಟ್ಟರು ಎಂದರೆ ಎಲ್ಲರೂ ಅಯ್ಯೋ ಎನ್ನುತ್ತಿದ್ದರು, ಇವರ ಮೇಷ್ಟರಿಕೆಯೂ ಉಳಿಯುತ್ತಿತ್ತು.

"ನಾನೇ ಸಾರ್" ಎಂದರು ಭಾವ.

ಬರಹಗಾರರು ತಲೆಯೆತ್ತಿದರು. "ಏನ್ ಮೇಷ್ಟ್ರೇ! ಹುಳಿ ತಾಗಿಸ್ಬಾರ್ದು, ಬೂದಿ ಹಾಕ್ಬಾರ್ದು ಅಂತ ನಮಗೆ ಪಾಠ ಹೇಳಿ, ನೀವೇ ಸಾರು ಮಾಡಿದ್ರಾ?" ಠಾಣೆಯೆಲ್ಲ ಗೊಳ್ಳೆಂದಿತು. ಭಾವ ಎರಡೂ ಕೈ ಪಕ್ಕಕ್ಕಿಟ್ಟು, ಕವಾಯಿತಿನಲ್ಲಿ ನಿಂತಂತೆ ನೆಟ್ಟಗೆ ನಿಂತಿದ್ದರು. ಸಾಹೇಬರು ತಿರುಪಿನ ಹತ್ತಿರದ ಹಳೆಯ ಗುರುತನ್ನು ಹೋಲಿಸಿ ನೋಡಿ, ತುಂಡು ಹಳೆಯದೇ ಎಂದು ಒಪ್ಪಿ, ಒಳ್ಳೆಯ ವರದಿಯನ್ನೇ ಕಳಿಸುವುದಾಗಿ ಹೇಳಿದರು. ಒಂದು ಹೇಳಿಕೆ ಬರೆಸಿಕೊಂಡರು: ನಾನು ಸ್ವಂತ ಕೈಯಿಂದ ಹುಣಸೆಹಣ್ಣು ಹಾಕಿ ಉಜ್ಜಿದ್ದರಿಂದ ಬಣ್ಣ ಹೋಗಿರುತ್ತದೆ. ಆ ಊದಿದ ಬೆರಳುಗಳಲ್ಲಿ ಪೆನ್ನು ಹಿಡಿದು ಭಾವ ಸಹಿ ಮಾಡಿದರು.

ಆಟೋದಲ್ಲಿ ಭಾವ ಖಾಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದರು.

ಅಕ್ಕ ಅಂಗಳದಲ್ಲೇ ಕಾಯುತ್ತಿದ್ದಳು. "ಆತಾ?"

"ಆತು. ಒಳ್ಳೆ ವರದಿ ಕಳಿಸ್ತಾರಂತೆ."

"ಕುಕ್ಕೆ ನೋಡಿದ್ರಾ ಸಾಹೇಬ್ರು?"

"ಅದನ್ನೇ ನೋಡಿದ್ರು. ಯಾರು ತಿಕ್ಕಿದ್ದು ಅಂತ ಕೇಳಿದ್ರು."

ಅಕ್ಕ ಸೆರಗು ಸರಿಮಾಡಿಕೊಂಡಳು. "ನೀವೇನಂದ್ರಿ?"

ಒಂದೇ ದಿನದಲ್ಲಿ ಎರಡು ಸುಳ್ಳು ಹೇಳುವ ಶಕ್ತಿ ಭಾವನವರಿಗಿಲ್ಲ. "ನಾನೇ ಅಂದೆ" ಎಂದರು.

"ನೀವಾ?" ಅಕ್ಕನ ದನಿ ಬೇಲಿ ದಾಟಿತು. "ಉಗುರು ಸವೆಸ್ಕಂಡು ತಿಕ್ಕಿದವ್ಳು ನಾನು, ಹೆಸರು ನಿಮ್ದಾ? ನಲವತ್ತೆರಡು ವರ್ಷಕ್ಕೆ ನನ್ನ ಒಂದು ಕೆಲಸ ಒಪ್ಪಿಗೆ ಆತು ಅಂದ್ಕಂಡ್ರೆ, ಅದ್ನೂ ಪೊಲೀಸ್ರ ಮುಂದೆ ನಿಮ್ಮ ಹೆಸರಿಗೆ ಬರೆಸ್ಕಂಡು ಬಂದ್ರಾ? ನಾಚಿಕೆ ಆಗಲ್ವೇನ್ರೀ?"

ನಾನು ಬಾಯಿ ತೆರೆದೆ. ಭಾವ ನನ್ನತ್ತ ಒಮ್ಮೆ ನೋಡಿದರು. ಮುಚ್ಚಿದೆ.

"ತಪ್ಪಾತು ಕಣೇ" ಎಂದರು ಅವರು, ಬಗ್ಗಿ ಚಪ್ಪಲಿ ಬಿಡುತ್ತ. "ನಿನ್ನ ಕೆಲಸ ನೋಡಿ, ನಂದು ಅನ್ಬೇಕು ಅಂತ ಆಸೆ ಆತು."