ಹನ್ನೆರಡು ಮನೆ ಒಪ್ಪಬೇಕಾದ ಪ್ಯಾಂಟು

ಎಲ್ಲಕ್ಕೂ ಕಾರಣ ಅರ್ಧ ಲೋಟ ಕಾಫಿ. ಮೇಲಿನ ಮನೆಯ ಅತ್ತೆ, ಅಳಿಯನಿಗೆ ಒಳ್ಳೇದಾಗಲಿ ಎಂದು ಹರಸುವ ಭರದಲ್ಲಿ ಅದನ್ನು ಅವನ ಪ್ಯಾಂಟಿನ ಮೇಲೆ ಚೆಲ್ಲಿದರು.

ಅಳಿಯನಿಗಿದ್ದದ್ದು ಅದೊಂದೇ ಮರ್ಯಾದಸ್ಥ ಪ್ಯಾಂಟು. ಮಧ್ಯಾಹ್ನ ಎರಡಕ್ಕೆ ಕೆಲಸದ ಸಂದರ್ಶನ. ಯಾರದ್ದಾದರೂ ಕೇಳೋಣವೆಂದರೆ ಅವನು ದೀಪದ ಕಂಬಕ್ಕೆ ಅಣ್ಣ. ಕಟ್ಟಡದಲ್ಲಿ ಯಾರ ಪ್ಯಾಂಟೂ ಅವನ ಮೊಣಕಾಲು ದಾಟುತ್ತಿರಲಿಲ್ಲ. ಟವೆಲ್ ಸುತ್ತಿಕೊಂಡು ಕೆಳಗಿಳಿದು, ವಾಷಿಂಗ್ ಮೆಷಿನ್ನಿಗೆ ಪ್ಯಾಂಟು ತುರುಕಿ, ಬಾಗಿಲು ಮುಚ್ಚಿದ. ಬೀಗ ಟಕ್ಕೆಂದು ಬಿತ್ತು. ಫೋನಿನಿಂದ ಒಂದು ನಾಣ್ಯ ಕಳಿಸಿದ. ಮೆಷಿನ್ನು ಮೌನವ್ರತ ಹಿಡಿಯಿತು.

ಆ ನಾಣ್ಯ ಅವನದೇ ಸೃಷ್ಟಿ. ಹನ್ನೆರಡು ಮನೆಗೆ ಒಂದೇ ಮೆಷಿನ್ನು. ಸರದಿಗೆ ದಿನಾ ಯುದ್ಧ. ಅದಕ್ಕೇ ಆರು ತಿಂಗಳ ಹಿಂದೆ ಫೋನಿನಲ್ಲೇ ಓಡಾಡುವ ಕ್ರಿಪ್ಟೋ ನಾಣ್ಯ ಮಾಡಿದ್ದ: ಒಂದು ನಾಣ್ಯಕ್ಕೆ ಒಂದು ಸರದಿ. ಲೆಕ್ಕದ ಪುಸ್ತಕ ಹನ್ನೆರಡು ಫೋನಿನಲ್ಲೂ ಇರುತ್ತದೆ. ಯಾರೇ ನಾಣ್ಯ ಕಳಿಸಲಿ, ಹನ್ನೆರಡು ಮನೆಯವರೂ ನೋಡಿ 'ಹೂಂ' ಒತ್ತಬೇಕು. ಯಜಮಾನ ಇಲ್ಲ, ಮೋಸಕ್ಕೆ ಸೂಜಿಮೊನೆಯಷ್ಟೂ ಜಾಗವಿಲ್ಲ. ಬಟ್ಟೆ ಹಾಕಿದವರ ಸರದಿ ಮುಗಿಯದೆ ಬಾಗಿಲು ಬ್ರಹ್ಮ ಬಂದರೂ ತೆರೆಯದು. ಕುಂದೊಂದೇ: ಎಲ್ಲರೂ ಹೂಂ ಅನ್ನುವಷ್ಟರಲ್ಲಿ ಬಿತ್ತಿದ ಬೀಜ ಮರವಾಗಿ ನೆರಳು ಕೊಡುತ್ತಿತ್ತು.

ಹತ್ತು ಗಂಟೆಗೆ ಮೂರು ಹೂಂ ಬಂದಿದ್ದವು.

"ಮಾಡಿದ್ದು ನೀವೇ ಅಲ್ವಾ ಅಳಿಯಂದ್ರೇ, ಒಂದು ಗುಂಡಿ ಒತ್ತಿ ಬಿಡಿಸ್ಕೊಳ್ಳಿ," ಅಂದರು ಅತ್ತೆ.

"ಅಂಥ ಗುಂಡಿ ಇದ್ರೆ ನಾನೇ ರಾಜ ಆಗ್ಬಿಡ್ತೀನಿ ಅತ್ತೆ. ಅದಕ್ಕೇ ಇಟ್ಟಿಲ್ಲ."

"ರಾಜನಿಗೆ ಪ್ಯಾಂಟಾದ್ರೂ ಇರ್ತಿತ್ತು."

ಅಳಿಯ ಮನೆಮನೆ ಬಾಗಿಲು ತಟ್ಟಿದ. ಬೇಕರಿಯವನು ಮಲಗಿದ್ದ, ಅವನ ಗೊರಕೆಗೆ ಮೂರನೇ ಮಹಡಿಯ ಪಾತ್ರೆಗಳು ಕುಣಿಯುತ್ತಿದ್ದವು. ಎಬ್ಬಿಸಿದರೆ ನಿದ್ದೆಗಣ್ಣಲ್ಲಿ ಹಿಟ್ಟೆಂದುಕೊಂಡು ಟವೆಲ್ಲನ್ನೇ ನಾದತೊಡಗಿದ. ನಿವೃತ್ತ ಹೆಡ್‌ಮಾಸ್ತರರು ಮೊದಲ ನಾಣ್ಯದಿಂದ ಲೆಕ್ಕ ನೋಡದೆ ಹೂಂ ಅನ್ನುವವರಲ್ಲ. ಅಷ್ಟರಲ್ಲಿ ಟವೆಲ್ಲಿನ ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿತು; ಅದಕ್ಕೆ ಯಾರ ಹೂಂ ಕೂಡ ಬೇಕಿರಲಿಲ್ಲ. ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು.

"ಪ್ರತಿ ಸಲ ಇದೇ ಗೋಳು," ಅಂದಳು ಬಟ್ಟೆ ಹೊಲಿಯುವ ಅಕ್ಕ. "ಈ ಪ್ಯಾಂಟಿಗೆ ನಾವ್ಯಾರೂ ಹೂಂ ಅನ್ನಲ್ಲ ತಮ್ಮಾ. ಮೊದ್ಲು ನಿಯಮ ಬದಲಾಯ್ಸು."

"ಬೇಗ ಆಗ್ಬೇಕು, ಯಾರೂ ಯಜಮಾನ ಆಗ್ಬಾರ್ದು, ಕಳ್ಳತನಾನೂ ನಡೀಬಾರ್ದು," ಅಂದರು ಹೆಡ್‌ಮಾಸ್ತರರು. "ಮೂರರಲ್ಲಿ ಒಂದು ತಪ್ಪಿದ್ರೂ ಸೊನ್ನೆ."

ದೊಡ್ಡ ದೊಡ್ಡ ತಲೆಗಳು ವರ್ಷಗಟ್ಟಲೆ ಕೂತರೂ ಬಿಡಿಸಲಾಗದ ಗಂಟು ಅದು. ಅಳಿಯ ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ಫೋನು ಹಿಡಿದು ಮೆಟ್ಟಿಲ ಮೇಲೆ ಕುಕ್ಕರಿಸಿದ. ಹನ್ನೆರಡೂವರೆಗೆ ತಲೆಯಲ್ಲಿ ದೀಪ ಹತ್ತಿತು.

"ಪ್ರತಿ ನಾಣ್ಯಕ್ಕೂ ಚೀಟಿ ಎತ್ತಿದ ಹಾಗೆ ಮೂರು ಮನೆ ಹೂಂ ಅಂದ್ರೆ ಸಾಕು. ಯಾವ ಮೂರು ಅಂತ ಯಾರಿಗೂ ಮೊದ್ಲೇ ಗೊತ್ತಿರಲ್ಲ, ಒಳಸಂಚು ನಡಿಯಲ್ಲ. ಲೆಕ್ಕ ಫೋನೇ ನೋಡ್ಕೊಳ್ಳತ್ತೆ, ನಿಮ್ಮ ಬೆರಳೂ ಬೇಡ."

ಅವನು ಫೋನಿಗೆ ಹಾಕಿದ ಹೊಸ ನಿಯಮಕ್ಕೆ ಹನ್ನೆರಡು ಮನೆಯವರೂ ಒಟ್ಟಿಗೆ ಹೂಂ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮೆಷಿನ್ನು ಗುರ್ರೆಂದಿತು.

"ಇದನ್ನೇ ಹೋಗಿ ಹೇಳಪ್ಪಾ, ಕೆಲಸ ನಿಂದೇ," ಎಂದು ಹೆಡ್‌ಮಾಸ್ತರರು ಬೆನ್ನು ತಟ್ಟಿದರು.

ನಲವತ್ತು ನಿಮಿಷಕ್ಕೆ ಮೆಷಿನ್ನು ನಿಂತಿತು. ಅಳಿಯ ಬಾಗಿಲೆಳೆದ. ಬರಲಿಲ್ಲ. ಮೆಷಿನ್ನು ಮತ್ತೆ ನೀರು ತುಂಬಿಕೊಂಡು ಗುರ್ರೆಂದಿತು. ಫೋನು ನೋಡಿದರೆ: 'ಈಗಿನ ಸರದಿ, ಹೊಲಿಗೆ ಅಕ್ಕ. ನಿಮಗಿಂತ ಮುಂದೆ ಇನ್ನೂ ಮುನ್ನೂರ ಹನ್ನೊಂದು.'

"ಅಕ್ಕಾ, ನೀವು ಯಾವಾಗ ನಾಣ್ಯ ಕಳ್ಸಿದ್ರಿ?"

"ಒಂದ್ಸಲ ನಾಣ್ಯ ಒತ್ತಿದ್ರೆ ಸರದಿ ಬರ್ತಿರ್ಲಿಲ್ವಲ್ಲ ತಮ್ಮಾ. ಬೇಗ ಬರ್ಲಿ ಅಂತ ಹತ್ತತ್ತು ಸಲ ಒತ್ತುತಿದ್ದೆ."

"ನಾನು ಒಲೆ ಕಾಯೋ ತನಕ ಒತ್ತುತಾನೇ ಇರ್ತಿದ್ದೆ," ಅಂದ ಬೇಕರಿಯವನು.

ಹೆಡ್‌ಮಾಸ್ತರರು ಕೆಮ್ಮಿದರು. "ನಾನು ಎರಡೆರಡು ಸಲ ಮಾತ್ರ. ತಾಳೆ ನೋಡೋಕೆ."

ಆರು ತಿಂಗಳಿಂದ ಹೂಂ ಸಿಗದೆ ಕೊಳೆಯುತ್ತಿದ್ದ ಆ ನಾಣ್ಯಗಳನ್ನೆಲ್ಲ ಹೊಸ ನಿಯಮ ಒಂದೂ ತಪ್ಪದೆ, ಬಂದ ಕ್ರಮದಲ್ಲೇ, ಕ್ಷಣದಲ್ಲಿ ಒಪ್ಪಿಬಿಟ್ಟಿತ್ತು. ಒಂದಾದ ಮೇಲೊಂದರಂತೆ ಒಗೆದರೂ ಒಂಬತ್ತು ದಿನ. ತಂತಿ ಕಿತ್ತರೂ ಬೀಗ ಬಿಡುವ ಹಾಗಿಲ್ಲ. ಆ ಹಳೆಯ ಸರದಿಗಳನ್ನು ರದ್ದು ಮಾಡುವುದೂ ನಿಯಮ ಬದಲಿಸಿದಂತೆಯೇ; ಅದಕ್ಕೆ ಹನ್ನೆರಡು ಮನೆಯ ಹೂಂ ಬೇಕು. ಅಳಿಯ ಎಲ್ಲರ ಮುಖ ನೋಡಿದ. ಕೈಗೆ ಬಂದ ಸರದಿ ಯಾರಿಗೆ ಬೇಡ? ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು.

ಗಡಿಯಾರ ಎರಡು ಹೊಡೆಯಿತು. ಗಾಜಿನ ಹಿಂದೆ ಪ್ಯಾಂಟು ಪಲ್ಟಿ ಹೊಡೆಯುತ್ತಿತ್ತು.

"ನೀವಾದ್ರೂ ಹೂಂ ಅನ್ನಿ ಅತ್ತೆ. ಮಗಳ ಗಂಡ ನಾನು."

ಅತ್ತೆ ಕನ್ನಡಕ ಏರಿಸಿ ಫೋನು ನೋಡಿಕೊಂಡರು.

"ಹೇಗನ್ಲಿ ಅಳಿಯಂದ್ರೇ, ಅದ್ರಲ್ಲಿ ನಲವತ್ತು ನನ್ನವೇ ಇವೆ."